ಸ್ಕಾರ್‌ಬರೋದಲ್ಲಿ ಒಂದು ಸ್ಪಾರ್ಟಾದ ಪಂಕ್ತಿ

ಟೊರಾಂಟೊ ವಿಮಾನ ನಿಲ್ದಾಣ

ಯಾಕೆ ಬಂದಿರಿ ಎಂದು ಕೇಳಿದ ಅಧಿಕಾರಿಗೆ "ಗೆಳತಿಯನ್ನು ನೋಡಲು" ಎಂದೆ. ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಧಾರವಾಡದ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಇತಿಹಾಸ ಕಲಿಸಿದ ಬಾಯಿ ಅಷ್ಟಕ್ಕೆ ನಿಲ್ಲುವಂಥದ್ದಲ್ಲ. ಏನು ಕೆಲಸ ಮಾಡುತ್ತಿದ್ದಿರಿ ಎಂದ, ಇತಿಹಾಸದ ಮೇಡಂ ಎಂದೆ. ಯಾವ ಇತಿಹಾಸ ಎಂದು ಆತ ಸೌಜನ್ಯಕ್ಕೆ ಕೇಳಿದ್ದೇ ತಡ, ಪ್ರಾಚೀನ ಗ್ರೀಸ್ ಎಂದು ಶುರುಮಾಡಿಬಿಟ್ಟೆ. ಅಥೆನ್ಸಿನಲ್ಲಿ ಹೊರಗಿನಿಂದ ಬಂದು ನೆಲೆಸಿದವರು ತೆರಿಗೆ ಕೊಡಬೇಕಿತ್ತು, ಯುದ್ಧಕ್ಕೂ ಹೋಗಬೇಕಿತ್ತು, ಆದರೆ ಸಭೆಯಲ್ಲಿ ಕೈ ಎತ್ತುವಂತಿರಲಿಲ್ಲ. ನಿಮ್ಮ ಈ ಸಾಲಿನಲ್ಲೂ ಅಂಥವರೇ ತುಂಬಿದ್ದಾರಲ್ಲ ಎಂದು ಹಿಂದೆ ತಿರುಗಿ ತೋರಿಸಿದೆ. ಆತ ಮುದ್ರೆ ಒತ್ತಿ, "ಸಾರಿ ಮೇಡಂ, ಸಾಲು ಉದ್ದವಿದೆ" ಎಂದ. ಕೆನಡಾದಲ್ಲಿ ನನಗೆ ಸಿಕ್ಕ ಮೊದಲ ಸಾರಿ ಅದು.

ಆಮೇಲೆ ಸಾರಿಗಳ ಸುರಿಮಳೆಯೇ ಆಯಿತು. ಬಸ್ಸಿನಲ್ಲಿ ಒಬ್ಬ ಹೆಣ್ಣುಮಗಳ ಕಾಲನ್ನು ನಾನು ತುಳಿದೆ, ಅವಳು ನನಗೆ ಸಾರಿ ಎಂದಳು. ಗಾಜಿನ ಬಾಗಿಲಿಗೆ ಹಣೆ ಬಡಿಸಿಕೊಂಡ ಮುದುಕನೊಬ್ಬ ಬಾಗಿಲಿಗೇ ಸಾರಿ ಹೇಳಿದ್ದನ್ನು ಕಣ್ಣಾರೆ ಕಂಡೆ. ಬಸ್ಸಿಳಿಯುವಾಗ ಹಿಂದಿನ ಬಾಗಿಲಿನಿಂದ ಎಲ್ಲರೂ ಡ್ರೈವರಿಗೆ ಥ್ಯಾಂಕ್ಯೂ ಎಂದು ಕೂಗುತ್ತಾರೆ. ನಮ್ಮ ಧಾರವಾಡದಲ್ಲಿ ಕಾಲು ತುಳಿಸಿಕೊಂಡವರು "ಕಣ್ಣ ಕಾಣಂಗಿಲ್ಲೇನ?" ಎನ್ನುತ್ತಾರೆ. ತುಳಿದವರು ಹೇಳುವುದೂ ಅದನ್ನೇ.

"ಇಲ್ಲಿ ಮಂದಿ ಸಾರಿ ಅಂದ್ರ ಸೋತಂಗಲ್ಲ, ಪಮ್ಮಿ. ಅದು ಉಸಿರು ಬಿಟ್ಟಂಗ" ಎಂದಳು ವಿಮಲಾ. ಅವಳು ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವಳು, ಮಿಸಿಸಾಗಾಕ್ಕೆ ಬಂದು ಇಪ್ಪತ್ತಾರು ವರ್ಷವಾಯಿತು. ಇಲ್ಲಿ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಾಳೆ. ಐದು ವಾರ ಅವಳ ಮನೆಯಲ್ಲಿ ಇರುವುದೆಂದು ಬಂದಿದ್ದೆ.

ಸ್ಕಾರ್‌ಬರೋ, ಮೊದಲನೆಯ ಶನಿವಾರ

ವಾರವೆಲ್ಲ ಮನೆ, ಗ್ರಂಥಾಲಯ ಎಂದು ಇರುವ ವಿಮಲಾ ಶನಿವಾರ ಬಂದರೆ ಮುಕ್ಕಾಲು ಗಂಟೆ ಕಾರು ಓಡಿಸಿಕೊಂಡು ಸ್ಕಾರ್‌ಬರೋಗೆ ಊಟಕ್ಕೆ ಹೋಗುತ್ತಾಳೆ. ತಮಿಳರ ಕಿರಾಣಿ ಅಂಗಡಿಗೂ ಬಟ್ಟೆ ಒಗೆಯುವ ಅಂಗಡಿಗೂ ನಡುವೆ ಒಂದು ಮೆಟ್ಟಿಲು. ಹತ್ತಿದರೆ ಬಾಡಿಗೆಗೆ ಸಿಗುವ ಸಭಾಂಗಣ, ಅದರ ಮೂಲೆಯಲ್ಲಿ ಅಡುಗೆಕಟ್ಟೆ. ಧಾರವಾಡ, ಹುಬ್ಬಳ್ಳಿ, ಬೆಳಗಾವಿ, ಗದಗಿನ ಕಡೆಯ ಹದಿನಾಲ್ಕು ಹೆಣ್ಣುಮಕ್ಕಳು ಅಲ್ಲಿ ಕೂಡಿ ಉಣ್ಣುತ್ತಾರೆ. ಹೆಣ್ಣುಮಕ್ಕಳು ಎಂದದ್ದು ನಮ್ಮ ಕಡೆಯ ರೂಢಿಯಲ್ಲಿ, ಅರವತ್ತು ದಾಟಿದವರೂ ಇದ್ದಾರೆ. ಇದಕ್ಕೆ ಅವರಿಟ್ಟ ಹೆಸರು 'ಪಂಕ್ತಿ'.

ಪಂಕ್ತಿಯ ನಿಯಮ ಬಿಗಿ. ಪ್ರತಿಯೊಬ್ಬರೂ ಪ್ರತಿ ವಾರ ತಮ್ಮ ಪಾಲಿನದನ್ನು ತರಬೇಕು. ರೊಟ್ಟಿಯ ಪಾಳಿಯವರು ರೊಟ್ಟಿ, ಎಣ್ಣೆಗಾಯಿಯ ಪಾಳಿಯವರು ಎಣ್ಣೆಗಾಯಿ. ತಪ್ಪಿಸಿದರೆ ಸರೋಜಾ ವೈನಿಯ ಮುಖ ನೋಡಬೇಕಾಗುತ್ತದೆ. ಎಲ್ಲರಿಗೂ ವೈನಿ, ಅಂದರೆ ಅತ್ತಿಗೆಯಾದ ಅವರು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು, ಗದಗಿನವರು, ಎತ್ತರದ ಆಳು. ಪಾಳಿಯ ಪಟ್ಟಿ ಇರುವುದು ಅವರ ಕೈಯಲ್ಲಿ. ಹೊಸಬರನ್ನು ಸೇರಿಸಿಕೊಳ್ಳಬೇಕಾದರೆ ಹದಿನಾಲ್ಕೂ ಜನ ಹೂಂ ಎನ್ನಬೇಕು. ಒಮ್ಮೆ ಸೇರಿದಿರೋ, ಆಮೇಲೆ ಹೆರಿಗೆಯಾದರೂ ಜ್ವರ ಬಂದರೂ ಹದಿನಾಲ್ಕು ಮನೆಯಿಂದ ಡಬ್ಬಿ ಬರುತ್ತದೆ. ಧಾರವಾಡದಲ್ಲಿ ನನ್ನ ಓಣಿಯವರ ಜೊತೆ ನಾನು ಒಂದು ದಿನವೂ ಹೀಗೆ ಸಾಲಾಗಿ ಕೂತು ಉಂಡಿಲ್ಲ. ನಾಚಿಕೆಯಾಯಿತು.

ಆ ದಿನ ನನ್ನ ಪಕ್ಕದಲ್ಲಿ ಕೂತವಳು ಗಿರಿಜಾ. ಗೋಕಾಕದ ಹತ್ತಿರದ ಹಳ್ಳಿಯವಳು, ಮೂವತ್ತರ ಆಸುಪಾಸು. ಬೋಲ್ಟನ್ನಿನ ಒಂದು ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುವ ಕೆಲಸ. ಬೇರೆ ಬೇರೆ ಭಾಷೆಯ ಐದು ಜನರೊಂದಿಗೆ ಒಂದು ಬೇಸ್‌ಮೆಂಟಿನಲ್ಲಿ ವಾಸ. ಮೂರು ಬಸ್ಸು ಬದಲಿಸಿ ಈ ಊಟಕ್ಕೆ ಬರುತ್ತಿದ್ದಳು.

"ಶನಿವಾರ ಒಂದ ನೋಡ್ರಿ ಅಕ್ಕಾರ, ನಾ ಕನ್ನಡದಾಗ ನಗೂದು" ಎಂದಳು. ನಮ್ಮ ಕಡೆ ಕಲಿಸುವ ಹೆಂಗಸನ್ನು ಅಕ್ಕಾರ ಎನ್ನುತ್ತಾರೆ. ಪಂಕ್ತಿಯವರೆಲ್ಲ ನನ್ನನ್ನು ಹಾಗೆಯೇ ಕರೆಯತೊಡಗಿದ್ದರು, ನಾನೂ ಉಬ್ಬಿದ್ದೆ.

ಮೂರು ತಿಂಗಳಿಂದ ಅವಳು ಅತಿಥಿಯಾಗಿಯೇ ಬರುತ್ತಿದ್ದಳು, ಆದರೂ ಪಾಳಿಯ ಮೇಲೆ ರೊಟ್ಟಿ ತರುತ್ತಿದ್ದಳು. ಪಂಕ್ತಿಗೆ ಸೇರಿಸಿಕೊಂಡರೆ ಅವಳ ಬದುಕೇ ಬದಲಾಗುವುದಿತ್ತು. ಸರೋಜಾ ವೈನಿಯ ಮನೆ ಅಲ್ಲೇ ನಾಲ್ಕು ಹೆಜ್ಜೆಯಲ್ಲಿ, ಅವರ ಬೇಸ್‌ಮೆಂಟಿನ ಕೋಣೆ ಖಾಲಿ ಬಿದ್ದಿತ್ತು. ಪಂಕ್ತಿಯವರಿಗಲ್ಲದೆ ಬೇರೆಯವರಿಗೆ ಕೊಡುವುದಿಲ್ಲ ಎಂಬುದು ಅವರ ಮಾತು. ಕೋಣೆ ಸಿಕ್ಕರೆ ಗಿರಿಜಾ ಇಲ್ಲಿಯೇ ಕೆಲಸ ಹುಡುಕಿ ಉಳಿಯುವವಳು. ಇಲ್ಲದಿದ್ದರೆ ದೂರದ ಎಡ್ಮಂಟನ್ನಿನಲ್ಲಿ ಪರಿಚಯದವರೊಬ್ಬರು ಕೆಲಸ, ವಸತಿ ಎರಡೂ ಕೊಡುತ್ತೇವೆಂದು ಕರೆಯುತ್ತಿದ್ದರು. "ಅಲ್ಲಿ ಒಂದ ಒಂದು ಕನ್ನಡದ ಪಿಳ್ಳಿನೂ ಇಲ್ಲಂತ್ರಿ" ಎಂದಳು. ಅವರಿಗೆ ಇನ್ನು ಹತ್ತು ದಿನದಲ್ಲಿ ಉತ್ತರ ಕೊಡಬೇಕಿತ್ತು.

ಸ್ಕಾರ್‌ಬರೋ, ಎರಡನೆಯ ಶನಿವಾರ

ಪಂಕ್ತಿಯನ್ನು ನೋಡಿದಾಗಿನಿಂದ ನನ್ನ ತಲೆಯಲ್ಲಿ ಸ್ಪಾರ್ಟಾ ಕೂತಿತ್ತು. ಪಂಕ್ತಿಯ ಹಿರಿಯರಾದ ಸುಮಿತ್ರಾ, "ಅಕ್ಕಾರ, ಊಟ ಆಗೂತನಾ ಏನರ ಹೇಳ್ರಲಾ" ಎಂದದ್ದೇ ಸಾಕಾಯಿತು. ನನ್ನ ಹಳೆಯ ಪಾಠವನ್ನು ತೆಗೆದೆ. ಒಬ್ಬನೇ ಆಳಿದರೆ ಒಂದು ಹೆಸರು, ಕೆಲವರು ಆಳಿದರೆ ಒಂದು, ಎಲ್ಲರೂ ಆಳಿದರೆ ಇನ್ನೊಂದು ಎಂದು ಗ್ರೀಕರು ಸರಕಾರಗಳನ್ನು ವಿಂಗಡಿಸಿದ್ದನ್ನು ಹೇಳಿದೆ. ಅಥೆನ್ಸಿನವರು ಹುದ್ದೆಗಳನ್ನು ಚೀಟಿ ಎತ್ತಿ ಹಂಚುತ್ತಿದ್ದುದನ್ನು ಹೇಳಿದೆ. ಸ್ಪಾರ್ಟಾದಲ್ಲಿ ಇಬ್ಬರು ರಾಜರು, ಅವರ ಮೇಲೆ ಕಣ್ಣಿಡಲು ಐವರು, ಸಲಹೆಗೆ ಮುದುಕರ ಸಭೆ. ಆ ಮುದುಕರನ್ನು ಆರಿಸುವಾಗ ಯಾರಿಗೆ ಜನ ಜೋರಾಗಿ ಕೂಗುತ್ತಾರೋ ಅವರೇ ಗೆದ್ದಂತೆ.

"ಅಥೆನ್ಸಿನ್ಯಾಗ ನಮಗ ವೋಟ್ ಇತ್ತೇನ್ರಿ?" ಎಂದರು ಸುಮಿತ್ರಾ.

"ಇಲ್ರಿ. ಹೆಣ್ಣುಮಕ್ಕಳಿಗೆ ಇರಲಿಲ್ಲ."

"ಸ್ಪಾರ್ಟಾದಾಗ?"

"ಅಲ್ಲೂ ಇಲ್ಲ."

"ಹಂಗಾರ ಆ ಮಂದೀನ್ನ ತಗೊಂಡು ಏನ್ಮಾಡೂದ್ರಿ? ಪಲ್ಯಾ ಹಾಕ್ಕೋರಿ" ಎಂದರು. ಎಲ್ಲರೂ ನಕ್ಕರು. ಅಂಥ ತರಗತಿ ನನಗೆ ಧಾರವಾಡದಲ್ಲಿ ಎಂದೂ ಸಿಕ್ಕಿರಲಿಲ್ಲ.

ಆಗ ಸ್ಪಾರ್ಟಾದ ಊಟದ ಪಂಕ್ತಿಗೆ ಬಂದೆ. ಅಲ್ಲಿನ ಪ್ರಜೆ ದಿನವೂ ಹದಿನೈದು ಜನರ ಒಂದು ಪಂಕ್ತಿಯಲ್ಲಿ ಕೂತೇ ಉಣ್ಣಬೇಕು, ತನ್ನ ಪಾಲಿನ ಹಿಟ್ಟು, ದ್ರಾಕ್ಷಾರಸ, ಗಿಣ್ಣು ತರಬೇಕು. ಪಾಲು ತರಲಾರದವನು ಪಂಕ್ತಿಯಿಂದ ಹೊರಗೆ. ಪಂಕ್ತಿಯಿಂದ ಹೊರಗಾದವನು ಪೂರ್ಣ ಪ್ರಜೆಯಲ್ಲ. ನಾನು ಇಷ್ಟು ಹೇಳುವಾಗ ಗಿರಿಜಾ ಕೈ ಎತ್ತಿದಳು.

"ಅಕ್ಕಾರ, ದಿನಾ ಹಂಗ ಕುಂದರಾಕ ಅವರಿಗೆ ಟೈಮ್ ಎಲ್ಲಿಂದ ಬರ್ತಿತ್ರಿ? ಹೊಲದಾಗ ದುಡಿಯಾವ್ರು ಯಾರ್ರಿ? ಅವ್ರೂ ಪಂಕ್ತಿಯೊಳಗ ಇದ್ರೇನ್ರಿ?"

ಇರಲಿಲ್ಲ. ಹೆಲಾಟರೆಂಬ ಜೀತದವರು ಉತ್ತು ಬಿತ್ತು ಆ ಪಾಲಿನ ಹಿಟ್ಟನ್ನು ಪ್ರಜೆಗಳ ಮನೆಗೆ ಮುಟ್ಟಿಸುತ್ತಿದ್ದರು, ಅವರಿಗೆ ಆ ಪಂಕ್ತಿಯಲ್ಲಿ ಜಾಗವಿರಲಿಲ್ಲ. ಅದು ಸ್ಪಾರ್ಟಾದ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ. ಮೂವತ್ತೊಂದು ವರ್ಷದಲ್ಲಿ ಒಬ್ಬ ವಿದ್ಯಾರ್ಥಿಯೂ ಅದನ್ನು ನನಗೆ ಕೇಳಿರಲಿಲ್ಲ, ಗೋದಾಮಿನಲ್ಲಿ ಪಾಳಿಯ ಮೇಲೆ ದುಡಿಯುವವಳಿಗೆ ಅದು ಹೊಳೆಯಿತು. ನಾನು ಅವಳನ್ನು ಮೆಚ್ಚಬೇಕಿತ್ತು. ಆದರೆ ಕಥೆಯ ಸ್ವಾರಸ್ಯದ ತಿರುವು ಮುಂದಿತ್ತು, ತಡೆದಳಲ್ಲ ಎಂದು ಒಳಗೆ ಸಿಡುಕಾಯಿತು. "ಅದು ಬ್ಯಾರೆ ಪಾಠ. ಆಮ್ಯಾಲೆ ಹೇಳ್ತೀನಿ" ಎಂದುಬಿಟ್ಟೆ. ಅವಳು ಕೈ ಇಳಿಸಿದಳು.

ಸ್ವಾರಸ್ಯದ ತಿರುವು ಇದು. ಹೊಸಬನೊಬ್ಬ ಆ ಪಂಕ್ತಿಗೆ ಸೇರಬೇಕೆಂದರೆ ಕೂತವರೆಲ್ಲ ರೊಟ್ಟಿಯ ಒಂದೊಂದು ಉಂಡೆ ಕೈಯಲ್ಲಿ ಹಿಡಿಯುತ್ತಿದ್ದರು. ಆಳು ತಲೆಯ ಮೇಲೆ ಪಾತ್ರೆ ಹೊತ್ತು ಬರುತ್ತಿದ್ದ. ಒಪ್ಪಿಗೆಯಿದ್ದವರು ಉಂಡೆಯನ್ನು ಹಾಗೆಯೇ ಹಾಕುತ್ತಿದ್ದರು. ಬೇಡವೆನ್ನುವವರು ಹಿಸುಕಿ ಚಪ್ಪಟೆ ಮಾಡಿ ಹಾಕುತ್ತಿದ್ದರು. ಯಾರು ಹಾಕಿದ್ದೆಂದು ಕೇಳುವಂತಿಲ್ಲ. ಒಂದೇ ಒಂದು ಚಪ್ಪಟೆ ಬಂದರೂ ಹೊಸಬನಿಗೆ ಜಾಗವಿಲ್ಲ.

"ಅಯ್ಯ, ನಮ್ಮ ಗಿರಿಜಾಗ ಹಿಂಗ ಮಾಡೂಣಲ್ಲಾ!" ಎಂದು ಸುಮಿತ್ರಾ ಚಪ್ಪಾಳೆ ತಟ್ಟಿದರು. "ಹೆಂಗೂ ಇವತ್ತ ಮಾತಾಡೂದಿತ್ತು."

ಎಲ್ಲರಿಗೂ ಖುಷಿ. ಹಿಂದಿನ ವಾರ ಸರೋಜಾ ವೈನಿ ಮಾತ್ರ "ಎರಡ ಸಲ ರೊಟ್ಟಿ ಪಾಳಿ ತಪ್ಪಿಸ್ಯಾಳ" ಎಂದು ಗೊಣಗಿದ್ದರು. ಶಿಫ್ಟು ಬದಲಾಗಿ ತಪ್ಪಿದ್ದು ಅದು. ಈಗ ಅವರೇ ಮೊದಲು ಕೈ ಚಾಚಿ, ಮಾಡಿಟ್ಟಿದ್ದ ಚಪಾತಿ ಹಿಟ್ಟಿನ ಉಂಡೆ ತೆಗೆದುಕೊಂಡರು. ವಿಮಲಾ ಟವೆಲ್ಲನ್ನು ಸಿಂಬಿ ಸುತ್ತಿ ತಲೆಯ ಮೇಲೆ ಸ್ಟೀಲ್ ಬೋಗುಣಿ ಇಟ್ಟುಕೊಂಡು ನಡೆದಳು. ಗಿರಿಜಾ ಬಾಗಿಲ ಹತ್ತಿರ ನಿಂತು ಮುಖ ಮುಚ್ಚಿಕೊಂಡು ನಗುತ್ತಿದ್ದಳು.

"ಅಕ್ಕಾರ, ನೀವೂ ಹಾಕ್ರಿ" ಎಂದರು ಯಾರೋ. ನಾನು ಐದು ವಾರದ ಅತಿಥಿ. ಸ್ಪಾರ್ಟಾದಲ್ಲಾದರೆ ಹೊರಗಿನವಳು ಆ ಪಾತ್ರೆಯ ಹತ್ತಿರವೂ ಸುಳಿಯುವಂತಿರಲಿಲ್ಲ. ನನಗೆ ಗೊತ್ತಿತ್ತು, ಆದರೂ ಹಾಕಿದೆ. ಅಷ್ಟು ಹೊತ್ತೂ ಮಾತಾಡುತ್ತ ಒಂದು ಉಂಡೆಯನ್ನು ಬೆರಳುಗಳ ನಡುವೆ ತಿರುಗಿಸುತ್ತಿದ್ದೆ. ತರಗತಿಯಲ್ಲಿ ಸೀಮೆಸುಣ್ಣದ ತುಂಡನ್ನು ತಿರುಗಿಸುವ ಚಾಳಿ ಅದು.

ಬೋಗುಣಿ ಇಳಿಸಿ ತಟ್ಟೆಗೆ ಬಗ್ಗಿಸಿದರು. ಹದಿನಾಲ್ಕು ದುಂಡಗಿದ್ದವು. ಒಂದು ಚಪ್ಪಟೆಯಾಗಿತ್ತು, ಅದರ ಮೇಲೆ ಶೇಂಗಾ ಚಟ್ನಿಪುಡಿಯ ಕೆಂಪು ಹತ್ತಿತ್ತು. ನನ್ನ ಬೆರಳು ನೋಡಿಕೊಂಡೆ, ಅದೇ ಕೆಂಪು. ಪಾಠ ಹೇಳುತ್ತ ಚಟ್ನಿಪುಡಿ ಹಚ್ಚಿಕೊಂಡು ರೊಟ್ಟಿ ತಿಂದವಳು ನಾನು.

ಕಣ್ಣುಗಳು ಒಂದೊಂದಾಗಿ ಸರೋಜಾ ವೈನಿಯ ಕಡೆ ಹೋದವು. ಅವರು "ನನ್ನ ಯಾಕ ನೋಡ್ತೀರಿ?" ಎಂದರು. "ಕೇಳೂಹಂಗಿಲ್ಲಂತ ಅಕ್ಕಾರ ಹೇಳ್ಯಾರಲ್ರಿ" ಎಂದು ಸುಮಿತ್ರಾ ಮಾತು ತೇಲಿಸಿದರು. ಗಿರಿಜಾ "ಇರ್ಲಿ ಬಿಡ್ರಿ, ಆಟಾ ಅಲ್ಲೇನ್ರಿ" ಎಂದು ನಕ್ಕಳು. ಎಲ್ಲರ ತಾಟುಗಳನ್ನೂ ತೊಳೆದಿಟ್ಟು ಬಸ್ಸಿಗೆ ಹೊತ್ತಾಯಿತೆಂದು ಹೊರಟಳು.

ನಾನು ಬಾಯಿ ಬಿಡಲಿಲ್ಲ. "ಅದು ನಂದು, ಅಪ್ಪಿತಪ್ಪಿ ಒತ್ತಿಬಿಟ್ಟೆ" ಎಂಬ ನಾಲ್ಕು ಮಾತು ಸಾಕಿತ್ತು. ಒಂದು ತಾಸು ಎಲ್ಲರ ಮುಂದೆ ಪಂಡಿತಳಾಗಿ ಕೂತಿದ್ದೆ, ನನ್ನದೇ ನಿಯಮವನ್ನು ನಾನೇ ಕೆಡಿಸಿದೆ ಎಂದು ಹೇಳಲು ನಾಲಿಗೆ ಏಳಲಿಲ್ಲ. ಬೆರಳು ತಾನಾಗಿಯೇ ಒತ್ತಿತೆಂದು ಆಣೆ ಮಾಡಿ ಹೇಳಲೂ ಆರೆ. ಪಾಠ ತಡೆದಳೆಂಬ ಸಿಡುಕು ಆಗಿನ್ನೂ ಆರಿರಲಿಲ್ಲ. ಎರಡೂ ನನ್ನವೇ, ಬೆರಳೂ ಸಿಡುಕೂ.

ಪೋರ್ಟ್ ಕ್ರೆಡಿಟ್

ಮುಂದಿನ ಶನಿವಾರ ನೆಗಡಿಯ ನೆಪ ಹೇಳಿ ಮನೆಯಲ್ಲೇ ಉಳಿದೆ. ವಿಮಲಾ ಊಟ ಮುಗಿಸಿ ಬೇಗ ಬಂದಳು, ಮುಖ ಗಂಟು ಹಾಕಿಕೊಂಡಿದ್ದಳು. "ನಡಿ, ಸ್ವಲ್ಪ ಗಾಳಿ ತಗೊಂಡ ಬರೂಣು" ಎಂದು ಪೋರ್ಟ್ ಕ್ರೆಡಿಟ್ಟಿಗೆ ಕರೆದೊಯ್ದಳು.

ಆಚೆ ದಂಡೆ ಕಾಣದ ಕೆರೆ. ನಮ್ಮ ಸಾಧನಕೇರಿಯನ್ನು ಕೆರೆ ಎಂದು ಕರೆದ ಬಾಯಿಂದ ಇದನ್ನೂ ಕೆರೆ ಎನ್ನಲು ಸಂಕೋಚವಾಗುತ್ತದೆ. ಹಾಯಿದೋಣಿಗಳು ಸಾಲಾಗಿ ಕಟ್ಟಿ ನಿಂತಿದ್ದವು. ನಾಯಿ ಹಿಡಿದು ಬಂದವರು ಅದರ ಹೇಲನ್ನು ಚೀಲದಲ್ಲಿ ಎತ್ತಿಕೊಂಡು, ಅದೇ ಕೈಯಲ್ಲಿ ಚೀಲ ಬೀಸುತ್ತ ಹರಟೆ ಹೊಡೆಯುತ್ತಾರೆ. ಬಾತುಗಳು ದಾರಿ ಬಿಡುವುದಿಲ್ಲ, ಜನ ಅವಕ್ಕೂ ಸಾರಿ ಎಂದು ಸುತ್ತು ಹಾಕಿ ಹೋಗುತ್ತಾರೆ. ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

ಬೆಂಚಿನ ಮೇಲೆ ಕೂತು ವಿಮಲಾ ಹೇಳಿದಳು. ಗಿರಿಜಾ ಬಂದಿರಲಿಲ್ಲ, ಎಡ್ಮಂಟನ್ನಿಗೆ ಹೂಂ ಎಂದುಬಿಟ್ಟಿದ್ದಳಂತೆ. ಸರೋಜಾ ವೈನಿಯೂ ಬಂದಿರಲಿಲ್ಲ. "ಹನ್ನೊಂದು ವರ್ಷದಾಗ ಒಂದ ವಾರ ತಪ್ಪಿಸಿಲ್ಲ ಅವ್ರು. ಪಾಳಿ ಪಟ್ಟಿ ಸುಮಿತ್ರಾನ ಮನಿಗೆ ಕಳಿಸ್ಯಾರ. ಎಲ್ಲಾರೂ ಅವರ ಮ್ಯಾಲ ಹಾಕ್ಯಾರ. ನಾನೂ ಹಂಗ ತಿಳ್ಕೊಂಡೀನಿ, ಸುಳ್ಳ ಯಾಕ ಹೇಳ್ಲಿ?"

"ಅವರಲ್ಲ, ವಿಮಲಾ."

"ಮತ್ತ್ಯಾರು?"

"ನಾನು."

ನಾನು ಎಲ್ಲವನ್ನೂ ಹೇಳಿದೆ, ಸಿಡುಕಿನ ಮಾತನ್ನೂ ಬಿಡಲಿಲ್ಲ. ಹೇಳಿದರೆ ಹಗುರಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ.

"ಅಲ್ಲೇ ಅಂದಿದ್ರ ಒಂದ ನಗಿಯೊಳಗ ಮುಗೀತಿತ್ತಲ್ಲಾ ಪಮ್ಮಿ," ಎಂದಳು. ಆಮೇಲೆ, "ಸಣ್ಣಾಕಿದ್ದಾಗೂ ನೀ ಹಿಂಗ. ತಪ್ಪ ಲೆಕ್ಕಾ ಬರದು ಸ್ಲೇಟ್ ಬೋರಲ ಇಡಾಕಿ." ಅವಳ ದನಿಯಲ್ಲಿ ಸಿಟ್ಟಿಗಿಂತ ದಣಿವಿತ್ತು, ಅದು ನನಗೆ ಹೆಚ್ಚು ನಾಟಿತು. ಅಲ್ಲಿಂದಲೇ ಸುಮಿತ್ರಾಗೆ ಫೋನ್ ಮಾಡಿ ಗಿರಿಜಾಳ ನಂಬರು ತೆಗೆದುಕೊಂಡು ಅವಳಿಗೂ ಮಾಡಿದಳು. ಗಿರಿಜಾ ಮರುದಿನ ಗೋದಾಮಿನಲ್ಲಿ ಇರುತ್ತೇನೆ, ಮಧ್ಯಾಹ್ನ ಅರ್ಧ ತಾಸು ಬಿಡುವು ಎಂದಳು.

ಬೋಲ್ಟನ್

ಕಿಟಕಿಯಿಲ್ಲದ ಗೋಡೆಗಳು, ಒಂದರ ಪಕ್ಕ ಒಂದು. ಲಾರಿಗಳು ಹಿಂದಕ್ಕೆ ಸರಿದು ಗೋಡೆಗೆ ಬೆನ್ನು ಹಚ್ಚಿ ನಿಂತಿರುತ್ತವೆ. ಭಾನುವಾರವೆಂಬ ಗುರುತು ಎಲ್ಲಿಯೂ ಇರಲಿಲ್ಲ. ನಾವು ಮೊದಲು ತಪ್ಪು ಗೋದಾಮಿಗೆ ಹೋದೆವು, ಅಲ್ಲಿಯ ಕಾವಲುಗಾರ ಪಂಜಾಬಿ ಅಜ್ಜ. ನಮ್ಮನ್ನು ಕೆಲಸ ಕೇಳಲು ಬಂದವರೆಂದು ತಿಳಿದು, "ಬಹನ್‌ಜೀ, ಈ ವಯಸ್ಸಿನಲ್ಲಿ ಯಾಕೆ?" ಎಂದು ಹಿಂದಿಯಲ್ಲಿ ಮರುಗಿದ. ಸರಿಯಾದ ಗೇಟು ಸಿಗುವಷ್ಟರಲ್ಲಿ ಅವಳ ಬಿಡುವಿನ ಹತ್ತು ನಿಮಿಷ ಕಳೆದಿತ್ತು.

ಹೊಳೆಯುವ ಹಳದಿ ಜಾಕೀಟು, ಭಾರದ ಬೂಟು ಹಾಕಿಕೊಂಡು ಗಿರಿಜಾ ಹೊರಗೆ ಬಂದಳು. "ಅಕ್ಕಾರ, ನೀವ್ಯಾಕ ಇಲ್ಲಿ ಮಟಾ ಬಂದ್ರಿ? ಊಟಾ ಆತೇನ್ರಿ?" ಎಂದಳು.

"ಆ ಚಪ್ಪಟಿ ಉಂಡಿ ನಂದವ್ವಾ" ಎಂದೆ. "ನಿನ್ನ ಬ್ಯಾಡ ಅಂತ ಹಾಕಿದ್ದಲ್ಲ. ಆದ್ರ ಹಾಕಿದಾಕಿ ನಾನು. ನೋಡೀನಿ, ಗೊತ್ತಾಗೇದ, ಆದರೂ ಸುಮ್ನ ಕೂತೆ. ತಪ್ಪಾತವ್ವಾ."

ಅವಳು ಕಾರು ನಿಲ್ಲಿಸುವ ಕಟ್ಟೆಯ ಅಂಚಿನ ಮೇಲೆ ಮೆಲ್ಲಗೆ ಕೂತಳು.

"ಸರೋಜಾ ವೈನಿ ಅಲ್ಲೇನ್ರಿ?"

"ಅಲ್ಲ."

"ಖರೇ?"

"ಖರೇನ."

ಅವಳು ಕೈಗವಸು ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು. "ಅವ್ರು ನಾಕ ಸಲಾ ಫೋನ್ ಮಾಡಿದ್ರಿ ಅಕ್ಕಾರ. ಪಂಕ್ತಿ ಗಿಂಕ್ತಿ ಅತ್ಲಾಗಿರ್ಲಿ, ಖೋಲಿ ನಿನ್ನ ಸಲುವಾಗಿ ಇಟ್ಟೀನಿ, ಬಂದ ಇರು ಅಂದ್ರು. ನಾ ಅಲ್ಲವ್ವಾ ಹಾಕಿದಾಕಿ ಅಂತ ಅತ್ತ್ರು. ನಾ ನಂಬಲಿಲ್ಲ. ಮಾಡೂದು ಮಾಡಿ ಈಗ ನಾಟಕಾ ಮಾಡ್ತಾರ ಅನ್ಕೊಂಡೆ. ಹಂಗಂತ ಅವರಿಗೆ ಅಂದೂ ಬಿಟ್ಟೆ. ಆಮ್ಯಾಲ ಅವರ ಫೋನ್ ಎತ್ತೂದ ಬಿಟ್ಟೀನಿ."

ಎಂಟು ದಿನದಿಂದ ನನಗೆ ಗೊತ್ತಿದ್ದದ್ದು ಒಂದು ಉಂಡೆಯ ತಪ್ಪು. ಒಂದು ಮನೆಯ ಬಾಗಿಲು ಅವಳಿಗಾಗಿ ತೆರೆದಿತ್ತೆಂದೂ, ನಾನು ಬಾಯಿ ಮುಚ್ಚಿಕೊಂಡಿದ್ದಕ್ಕೆ ಅವಳು ಅದನ್ನು ತಳ್ಳಿ ಬಂದಳೆಂದೂ ಅಲ್ಲಿ ನಿಂತಾಗ ತಿಳಿಯಿತು. ವಿಮಲಾ ಕಾರಿಗೆ ಒರಗಿ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಈಗರ ಹೋಗಬಹುದಲ್ಲವ್ವಾ. ಖೋಲಿ ಇನ್ನೂ ಖಾಲಿ ಇದ್ದೀತು" ಎಂದೆ.

"ಇವತ್ತ ಇಲ್ಲಿ ನಂದು ಕಡೀ ಶಿಫ್ಟ್ ರಿ. ನಾಳಿ ವಿಮಾನ. ಅಲ್ಲೆ ಮಾತು ಕೊಟ್ಟೀನಿ, ನನ್ನ ಸಲುವಾಗಿ ಬ್ಯಾರೇದವರನ್ನ ಬಿಟ್ಟಾರ." ಅವಳ ದನಿಯಲ್ಲಿ ದೂರು ಇರಲಿಲ್ಲ. "ಹೋಗೂದು ಹೋಗತೀನ್ರಿ. ಆದ್ರ ಅವರಿಗೆ ನಾ ಅಂದ ಮಾತು?"

ಒಳಗೆ ಗಂಟೆ ಹೊಡೆಯಿತು. ಹಳದಿ ಜಾಕೀಟಿನವರು ಒಬ್ಬೊಬ್ಬರಾಗಿ ಬಾಗಿಲ ಕಡೆ ನಡೆದರು. ಗಿರಿಜಾ ಎದ್ದು, ಜೇಬಿನಿಂದ ಫೋನ್ ತೆಗೆದು ನಂಬರು ಒತ್ತಿ ನನ್ನ ಕೈಗೆ ಕೊಟ್ಟಳು. "ನನಗ ಹೇಳಿದ್ದು ಅವರಿಗೂ ಹೇಳ್ರಿ ಅಕ್ಕಾರ. ನಾ ಇಲ್ಲೇ ನಿಂದರ್ತೀನಿ. ಲೇಟ್ ಆದ್ರ ಆಗ್ಲಿ."

ಫೋನು ಎರಡನೆಯ ಸಲ ರಿಂಗಾಗುವಷ್ಟರಲ್ಲೇ ಆ ಕಡೆ ಎತ್ತಿದರು.

"ಗಿರಿಜಾ! ಅಂತೂ ಫೋನ್ ಮಾಡಿದಿ ನೋಡವ್ವಾ," ಎಂದರು ಸರೋಜಾ ವೈನಿ. "ಸಿಟ್ಟು ಹೋತಿಲ್ಲೋ? ಯಾವಾಗ ಬರ್ತಿ? ಖೋಲಿ ಸ್ವಚ್ಛ ಮಾಡಿ ಹಾಸಗಿ ಹಾಸೇನಿ."

ನಾನು ಗಿರಿಜಾಳ ಮುಖ ನೋಡಿದೆ. ಅವಳಿಗೂ ಕೇಳಿಸಿತ್ತು.

"ವೈನಿ, ಗಿರಿಜಾ ಅಲ್ರಿ. ನಾನು" ಎಂದೆ.